‘ದಿ ಔಟ್‌ಸೈಡರ್ಸ್’ ಕಾದಂಬರಿಯನ್ನು ಹದಿಹರೆಯದವರೊಂದಿಗೆ ಓದುವುದು ಹೇಗೆ?

ಅಮೆರಿಕದ ಓಕ್ಲಹೋಮಾ ರಾಜ್ಯದ ಟಲ್ಸಾ ನಗರದಲ್ಲಿ ಹೈಸ್ಕೂಲು ಓದುತ್ತಿದ್ದ ಸೂಸನ್ ಹಿಂಟನ್ ತಮ್ಮ 15ನೆಯ ವಯಸ್ಸಿನಲ್ಲಿ ಬರೆಯತೊಡಗಿದ ಕಾದಂಬರಿ ‘ದಿ ಔಟ್‌ಸೈಡರ್ಸ್’. ಅದು 1967ರಲ್ಲಿ ಅಚ್ಚಾಗಿ ಬಂದಾಗ ಅವರಿಗೆ 18 ವರ್ಷ. ಬೀದಿಯಲ್ಲಿ ಹೊಡೆದಾಡುವ ಹುಡುಗರ ಕಥೆಯನ್ನು ಹುಡುಗಿಯೊಬ್ಬಳು ಬರೆದಿದ್ದಾಳೆಂದು ತಿಳಿದರೆ ವಿಮರ್ಶಕರು ಹಗುರವಾಗಿ ಕಂಡಾರೆಂದು ಪ್ರಕಾಶಕರು ಅಂಜಿದ್ದರಿಂದ, ಪುಸ್ತಕದ ಮೇಲೆ ಎಸ್. ಇ. ಹಿಂಟನ್ ಎಂಬ ಹೆಸರು ಬಂದಿತು. ಹದಿಹರೆಯದವರಿಗಾಗಿ ಬರೆದ ಪುಸ್ತಕಗಳಲ್ಲಿ ಬಡತನ ಮತ್ತು ಸಿರಿತನದ ನಡುವಿನ ಗೋಡೆಯನ್ನು ಇಷ್ಟು ನೇರವಾಗಿ ತೋರಿಸಿದ ಕೃತಿಗಳು ಕಡಿಮೆ. ಒಂಬತ್ತು, ಹತ್ತನೆಯ ತರಗತಿಯ ಮಕ್ಕಳೊಂದಿಗೆ ಇದನ್ನು ಓದಬಯಸುವ ಶಿಕ್ಷಕರಿಗೆ, ಗ್ರಂಥಾಲಯಗಳಲ್ಲಿ ಓದುಬಳಗ ನಡೆಸುವವರಿಗೆ ಮತ್ತು ಮನೆಯಲ್ಲಿ ಮಕ್ಕಳ ಜೊತೆ ಕುಳಿತು ಓದುವ ತಂದೆತಾಯಿಗಳಿಗೆ ಈ ಬರಹ ನೆರವಾಗಲೆಂಬುದು ನನ್ನ ಆಸೆ.

ಈ ಪುಸ್ತಕವನ್ನು ಓದಿ ಮುಗಿಸಿದ ಮಕ್ಕಳು ಸಾಮಾನ್ಯವಾಗಿ ಒಂದು ತೀರ್ಮಾನಕ್ಕೆ ಬರುತ್ತಾರೆ: ಶ್ರೀಮಂತರಿಗೂ ಕಷ್ಟಗಳಿವೆ, ಬಡವರಿಗೂ ಕಷ್ಟಗಳಿವೆ, ಕೊನೆಗೆ ಎಲ್ಲರೂ ಮನುಷ್ಯರೇ. ಈ ಮಾತು ಪುಸ್ತಕದೊಳಗೇ ಇದೆ, ಸುಳ್ಳೂ ಅಲ್ಲ. ಆದರೆ ಓದು ಅಲ್ಲಿಗೇ ನಿಂತರೆ ಕಾದಂಬರಿಯ ಅರ್ಧ ಭಾಗ ಕೈತಪ್ಪಿಹೋಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕಷ್ಟ ಇಬ್ಬರಿಗೂ ಇರಬಹುದು. ಒಂದೇ ತಪ್ಪಿಗೆ ಇಬ್ಬರೂ ತೆರುವ ಬೆಲೆ ಮಾತ್ರ ಬೇರೆ ಬೇರೆ. ಆ ಬೆಲೆಯನ್ನು ಪುಟಪುಟದಲ್ಲಿಯೂ ಗುರುತಿಸುವುದನ್ನು ಮಕ್ಕಳಿಗೆ ಕಲಿಸಬೇಕು.

ಆರಂಭಿಸುವ ಮುನ್ನ

ಕಾದಂಬರಿಯಲ್ಲಿ 12 ಅಧ್ಯಾಯಗಳಿವೆ. ಒಂದು ಸಲಕ್ಕೆ ಎರಡು ಅಧ್ಯಾಯಗಳಂತೆ ಆರು ಬೈಠಕ್‌ಗಳಲ್ಲಿ ಮುಗಿಸಬಹುದು. ಚಾಕು, ಸಿಗರೇಟು, ಸಾವು ಇವೆಲ್ಲವೂ ಕಥೆಯಲ್ಲಿ ಬರುತ್ತವೆ; ಡ್ಯಾಲಿ ಎಂಬ ಹುಡುಗ ಕೊನೆಗೆ ಬೇಕೆಂದೇ ಪೊಲೀಸರ ಗುಂಡಿಗೆ ಎದೆಯೊಡ್ಡುತ್ತಾನೆ. ಆದ್ದರಿಂದ ಮಕ್ಕಳ ಕೈಗೆ ಕೊಡುವ ಮೊದಲು ಹಿರಿಯರು ತಾವೇ ಒಮ್ಮೆ ಪೂರ್ತಿಯಾಗಿ ಓದಿಕೊಂಡಿರಬೇಕು.

ಹಿನ್ನೆಲೆಯನ್ನು ಬಹಳ ಹೇಳಬೇಕಾಗಿಲ್ಲ. ಊರಿನ ಹೆಸರನ್ನು ಕಾದಂಬರಿ ಎಲ್ಲಿಯೂ ಹೇಳದಿದ್ದರೂ ಅದು 1960ರ ದಶಕದ ಟಲ್ಸಾ. ತೈಲದ ವ್ಯವಹಾರದಿಂದ ಹಣ ಕಂಡ ನಗರ. ಊರಿನ ಪೂರ್ವಭಾಗದ ಬಡ ಹುಡುಗರು ಕೂದಲು ಉದ್ದ ಬಿಟ್ಟು ಎಣ್ಣೆ ಹಚ್ಚುತ್ತಾರೆ, ಅವರು ಗ್ರೀಸರ್‌ಗಳು. ಪಶ್ಚಿಮಭಾಗದ ಸಿರಿವಂತರ ಮಕ್ಕಳನ್ನು ಸೋಷ್‌ಗಳೆಂದು ಕರೆಯುತ್ತಾರೆ. ಕಥೆ ಹೇಳುವವನು 14 ವರ್ಷದ ಪೋನಿಬಾಯ್ ಕರ್ಟಿಸ್. ಅವನ ತಂದೆತಾಯಿ ಎಂಟು ತಿಂಗಳ ಹಿಂದೆ ಕಾರು ಅಪಘಾತದಲ್ಲಿ ತೀರಿಕೊಂಡಿದ್ದಾರೆ. 20 ವರ್ಷದ ಹಿರಿಯಣ್ಣ ಡ್ಯಾರಿ ಮತ್ತು ಓದು ಬಿಟ್ಟು ಪೆಟ್ರೋಲ್ ಬಂಕಿನಲ್ಲಿ ದುಡಿಯುವ ನಡುವಿನ ಅಣ್ಣ ಸೋಡಾಪಾಪ್ ಅವನ ಮನೆಯವರು. ಮೂವರೂ ಗಲಾಟೆಗಳಿಗೆ ಸಿಕ್ಕಿಬೀಳದೆ ಇದ್ದರೆ ಮಾತ್ರ ಒಟ್ಟಿಗೆ ಇರಬಹುದು, ಇಲ್ಲವಾದರೆ ಕಿರಿಯರಿಬ್ಬರೂ ಬಾಲಮಂದಿರದ ಪಾಲಾಗಬೇಕಾದೀತು. ಈ ಕೊನೆಯ ವಿವರವನ್ನು ಮಕ್ಕಳು ನೆನಪಿನಲ್ಲಿಟ್ಟುಕೊಳ್ಳುವಂತೆ ಮೊದಲ ದಿನವೇ ಹೇಳಿಡಿ. ಮುಂದೆ ನಡೆಯುವ ಪ್ರತಿಯೊಂದು ಘಟನೆಯ ಹಿಂದೆಯೂ ಈ ಭಯ ಇದೆ.

ವಸ್ತುಗಳನ್ನು ಬರೆದಿಡಲು ಹೇಳಿ

ವರ್ಗ ಎಂದರೇನು ಎಂದು ಮೊದಲೇ ವಿವರಿಸಲು ಹೋದರೆ ಮಕ್ಕಳು ಆ ವಿವರಣೆಯನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆಯೇ ಹೊರತು ಪುಸ್ತಕವನ್ನು ನೋಡುವುದಿಲ್ಲ. ಅದಕ್ಕೆ ಬದಲಾಗಿ, ಓದುತ್ತಾ ಹೋದಂತೆ ಪಾತ್ರಗಳ ಬಳಿ ಇರುವ ವಸ್ತುಗಳನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲು ಹೇಳಿ. ಎದುರಿಗೆ ಎರಡು ಸಾಲು ಸಾಕು: ಅದು ಯಾರ ಬಳಿ ಇದೆ, ಅದರಿಂದ ಯಾರಿಗೆ ಏನಾಯಿತು.

ಮೊದಲನೆಯ ವಸ್ತು ಕೂದಲು. ಸಿನಿಮಾ ನೋಡಿ ಒಬ್ಬನೇ ನಡೆದು ಬರುತ್ತಿದ್ದ ಪೋನಿಬಾಯ್‌ನನ್ನು ಕಾರಿನಲ್ಲಿ ಬಂದ ಸೋಷ್‌ಗಳು ಕೆಡವಿ, ಚಾಕು ತೋರಿಸಿ, ಕೂದಲು ಕತ್ತರಿಸಬೇಕೇ ಎಂದು ಕೇಳುತ್ತಾರೆ. ಮುಂದೆ ತಲೆಮರೆಸಿಕೊಳ್ಳಬೇಕಾಗಿ ಬಂದಾಗ ಗೆಳೆಯ ಜಾನಿ ಅದೇ ಕೂದಲನ್ನು ಕತ್ತರಿಸಿ ಬಣ್ಣಗೆಡಿಸುತ್ತಾನೆ, ಪೋನಿಬಾಯ್ ಅದಕ್ಕಾಗಿ ನಿಜವಾಗಿ ಸಂಕಟಪಡುತ್ತಾನೆ. ಜೀವಕ್ಕೇ ಅಪಾಯವಿರುವಾಗ ಕೂದಲಿಗಾಗಿ ಇಷ್ಟು ಕೊರಗುವುದೇ ಎಂದು ಮಕ್ಕಳು ಕೇಳುತ್ತಾರೆ. ಆ ಪ್ರಶ್ನೆಯನ್ನು ಅವರಿಗೇ ಹಿಂದಿರುಗಿಸಿ: ಕಾರಿಲ್ಲದ, ಒಳ್ಳೆಯ ಅಂಗಿಯಿಲ್ಲದ ಹುಡುಗನಿಗೆ ನಾಲ್ಕು ಜನ ನೋಡಲಿ ಎಂದು ಇಟ್ಟುಕೊಳ್ಳಲು ದುಡ್ಡು ಕೊಡದೆ ಸಿಗುವ ವಸ್ತು ಬೇರೆ ಯಾವುದಿದೆ?

ಎರಡನೆಯದು ಉಂಗುರ. ಕಥೆ ಆರಂಭವಾಗುವುದಕ್ಕೆ ಕೆಲವು ತಿಂಗಳ ಹಿಂದೆ ಜಾನಿಯನ್ನು ಸೋಷ್‌ಗಳು ಸಾಯುವಷ್ಟು ಹೊಡೆದಿದ್ದರು, ಅವನ ಕೆನ್ನೆಯ ಮೇಲಿನ ಗಾಯದ ಗುರುತು ಮಾಸಿಲ್ಲ. ಹೊಡೆದವನ ಕೈಯಲ್ಲಿ ಉಂಗುರಗಳಿದ್ದವೆಂಬುದು ಅವನ ಗೆಳೆಯರಿಗೆ ಗೊತ್ತು. ಮೂರನೆಯ ಅಧ್ಯಾಯದಲ್ಲಿ ನೀಲಿ ಮಸ್ಟಾಂಗ್ ಕಾರು ಬಂದು ನಿಂತು ಬಾಬ್ ಎಂಬವನು ಇಳಿದಾಗ, ಜಾನಿಯ ಕಣ್ಣು ನೆಟ್ಟಿರುವುದು ಅವನ ಕೈಯ ಮೇಲೆ. ಅಲ್ಲಿ ಭಾರವಾದ ಉಂಗುರಗಳಿವೆ. ಜಾನಿಯನ್ನು ಹೊಡೆದವನು ಇವನೇ ಎಂದು ಪೋನಿಬಾಯ್‌ಗೆ ಹೊಳೆಯುತ್ತದೆ, ಅದರಾಚೆಗೆ ಲೇಖಕಿ ವಿವರಣೆ ಕೊಡುವುದಿಲ್ಲ. ಮನೆಯ ಸಿರಿಯನ್ನು ತೋರಿಸುವ ಒಡವೆಯೇ ಬಡವನ ಮುಖವನ್ನು ಸೀಳಿದ ಆಯುಧ ಎಂಬುದನ್ನು ಓದುಗರು ತಾವೇ ಜೋಡಿಸಿಕೊಳ್ಳಬೇಕು. ಈ ಎರಡು ಪುಟಗಳನ್ನು ಗಟ್ಟಿಯಾಗಿ ಓದಿಸಿ, ಸ್ವಲ್ಪ ಹೊತ್ತು ಸುಮ್ಮನಿರಿ. ಯಾವುದಾದರೂ ಒಂದು ಮಗು ತಾನಾಗಿಯೇ ಇದನ್ನು ಹೇಳುವವರೆಗೆ ಕಾಯುವುದು ಒಳ್ಳೆಯದು.

ಮೂರನೆಯದು ಅಂಗಿ, ಇದರಲ್ಲಿ ನಮಗೊಂದು ವಿಶೇಷ ಆಸಕ್ತಿಯಿದೆ. ಸೋಷ್‌ಗಳ ಗುರುತುಗಳಲ್ಲಿ ಮದ್ರಾಸ್ ಬಟ್ಟೆಯ ಅಂಗಿ ಮತ್ತೆ ಮತ್ತೆ ಬರುತ್ತದೆ. ಅದು ಇಂದಿನ ಚೆನ್ನೈ ಸೀಮೆಯಿಂದ ಹೊರಟ ಹತ್ತಿಯ ಚೌಕುಳಿ ಬಟ್ಟೆ. ನಮ್ಮಲ್ಲಿ ದುಡಿಯುವ ಜನರು ಲುಂಗಿಯಾಗಿ ಉಟ್ಟ ಬಟ್ಟೆಯ ಬಗೆಯದೇ. ಅಲ್ಲಿ ಅದೇ ಶ್ರೀಮಂತ ಹುಡುಗರ ಅಂಗಿಯಾಯಿತು. ಬಟ್ಟೆಯಲ್ಲಿ ಮೇಲುಕೀಳು ಹುಟ್ಟಿನಿಂದ ಇರುವುದಿಲ್ಲ, ಅದನ್ನು ಯಾರು ತೊಟ್ಟರು ಎಂಬುದರಿಂದ ಬರುತ್ತದೆ ಎಂದು ತೋರಿಸಲು ಕನ್ನಡದ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಆ ಪುಸ್ತಕದಲ್ಲಿ ಸಿಗಲಾರದು.

ಇನ್ನೊಂದು ವಸ್ತುವನ್ನು ಮಕ್ಕಳು ತಪ್ಪಿಸಿಕೊಂಡು ಮುಂದೆ ಹೋಗುತ್ತಾರೆ, ಆದ್ದರಿಂದ ನೀವೇ ಬೆರಳಿಟ್ಟು ತೋರಿಸಬೇಕು. ಪೋನಿಬಾಯ್ ಓದಿನಲ್ಲಿ ಜಾಣನಾದ್ದರಿಂದ ಅವನನ್ನು ಸೋಷ್‌ಗಳೇ ತುಂಬಿರುವ ಮೇಲಿನ ವಿಭಾಗದಲ್ಲಿ ಕೂರಿಸಿದ್ದಾರೆ. ಜೀವಶಾಸ್ತ್ರದ ಪ್ರಯೋಗದಲ್ಲಿ ಹುಳುವನ್ನು ಕೊಯ್ಯಬೇಕು, ಕೊಟ್ಟ ಬ್ಲೇಡು ಹರಿತವಾಗಿಲ್ಲ. ಅವನು ಯೋಚಿಸದೆ ಜೇಬಿನಿಂದ ತನ್ನ ಮಡಿಸುವ ಚಾಕುವನ್ನು ತೆಗೆದು ಚಿಮ್ಮಿಸುತ್ತಾನೆ. ಪಕ್ಕದಲ್ಲಿದ್ದ ಹುಡುಗಿ ಬೆಚ್ಚಿ, ಜನ ಹೇಳುವುದು ನಿಜ, ನೀನು ಪುಂಡನೇ ಎಂಬರ್ಥದ ಮಾತಾಡುತ್ತಾಳೆ. ಅವಳ ಮಾತಿನಲ್ಲಿ ಹಗೆಯಿಲ್ಲ. ಇಡೀ ಪುಸ್ತಕದಲ್ಲಿ ರಕ್ತ ಹರಿಯುವ ಪ್ರಸಂಗಗಳು ಎಷ್ಟೋ ಇದ್ದರೂ, ಹೊರಗಿನವನಾಗಿರುವುದು ಎಂದರೆ ಏನೆಂಬುದನ್ನು ಈ ನಾಲ್ಕು ಸಾಲಿನಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ಹೇಳುವುದಿಲ್ಲವೆಂದು ನಾನು ಭಾವಿಸುತ್ತೇನೆ. ಅಂಕಗಳಿಂದ ಅವನು ಆ ಕೋಣೆಯೊಳಗೆ ಬಂದಿದ್ದಾನೆ, ಜೇಬಿನಲ್ಲಿದ್ದ ವಸ್ತು ಅವನನ್ನು ಮತ್ತೆ ಹೊರಗಿಟ್ಟಿತು. ಅತ್ತ ತನ್ನ ಗುಂಪಿನಲ್ಲಿಯೂ ಅವನು ಪೂರ್ತಿಯಾಗಿ ಒಳಗಿನವನಲ್ಲ. ಪುಸ್ತಕ ಓದುವ, ಒಬ್ಬನೇ ಸಿನಿಮಾಗೆ ಹೋಗುವ ಅವನ ಸ್ವಭಾವ ಜೊತೆಗಾರರಿಗೆ ಅರ್ಥವಾಗುವುದಿಲ್ಲ. ಎರಡೂ ಕಡೆ ಹೊರಗಾಗಿರುವುದರಿಂದಲೇ ಅವನು ಎರಡನ್ನೂ ನೋಡಬಲ್ಲ ನಿರೂಪಕನಾಗಿದ್ದಾನೆ.

ಡ್ಯಾರಿಯ ಲೆಕ್ಕ

ಬಡವರು ಬಡವರಾಗಿರುವುದು ಅವರ ಸೋಮಾರಿತನದಿಂದ ಅಥವಾ ಕೆಟ್ಟ ನಡತೆಯಿಂದ ಎಂಬ ಅನಿಸಿಕೆ ಹದಿಹರೆಯದವರಲ್ಲಿಯೂ ಬೇರೂರಿರುತ್ತದೆ. ಬಾಯಿಬಿಟ್ಟು ಹೇಳದಿದ್ದರೂ ಅದು ಮಾತಿನ ಹಿಂದೆ ಇಣುಕುತ್ತದೆ. ಅದನ್ನು ಎದುರಿಸಲು ಉಪದೇಶ ಬೇಡ, ಡ್ಯಾರಿಯ ಪಾತ್ರ ಸಾಕು.

ಕಪ್ಪುಹಲಗೆಯನ್ನು ಎರಡು ಭಾಗ ಮಾಡಿ. ಒಂದು ಕಡೆ ಡ್ಯಾರಿಗೆ ಇದ್ದುದನ್ನು ಬರೆಯಿರಿ: ಶಾಲೆಯ ಫುಟ್‌ಬಾಲ್ ತಂಡದ ನಾಯಕತ್ವ, ಒಳ್ಳೆಯ ಬುದ್ಧಿ, ಒಳ್ಳೆಯ ಹೆಸರು, ಆಟಗಾರನೆಂಬ ನೆಲೆಯಲ್ಲಿ ಸಿಕ್ಕ ವಿದ್ಯಾರ್ಥಿವೇತನ. ಇನ್ನೊಂದು ಕಡೆ ಇಲ್ಲದ್ದನ್ನು ಬರೆಯಿರಿ: ಆ ವೇತನದ ಜೊತೆಗೆ ಕಾಲೇಜಿಗೆ ಬೇಕಾಗಿದ್ದ ಉಳಿದ ಹಣ, ಆಮೇಲೆ ತಂದೆ, ತಾಯಿ. ಈಗ ಅವನು ಮನೆಗಳ ಚಾವಣಿ ಹೊದಿಸುವ ಕೂಲಿಕೆಲಸ ಮಾಡುತ್ತಾನೆ. ಹೊದಿಕೆಯ ಹಾಳೆಗಳ ಎರಡೆರಡು ಕಟ್ಟುಗಳನ್ನು ಒಟ್ಟಿಗೆ ಹೊತ್ತು ಏಣಿ ಹತ್ತಿ ಬೆನ್ನು ನೋಯಿಸಿಕೊಳ್ಳುತ್ತಾನೆ. ಎಂಟನೆಯ ಅಧ್ಯಾಯದಲ್ಲಿ ಟೂ-ಬಿಟ್ ಎಂಬ ಗೆಳೆಯ ಪೋನಿಬಾಯ್‌ಗೆ ಹೇಳುವ ಮಾತನ್ನು ಇಲ್ಲಿ ತಂದು ಇಡಿ: ಡ್ಯಾರಿ ಸೋಷ್ ಆಗದಂತೆ ತಡೆದಿರುವುದು ನಾವೇ, ಬೇರೇನೂ ಅಲ್ಲ. ತಮ್ಮಂದಿರನ್ನು ಸಾಕುವ ಹೊಣೆ ಹೊತ್ತದ್ದೇ ಅವನನ್ನು ಕೆಳಗೆ ಹಿಡಿದಿಟ್ಟಿದೆ. ಅವನ ಗುಣದಲ್ಲಿ ಯಾವ ಕೊರತೆಯೂ ಇಲ್ಲ.

ಇದರ ಮುಂದುವರಿಕೆ ಒಂಬತ್ತನೆಯ ಅಧ್ಯಾಯದ ದೊಡ್ಡ ಹೊಡೆದಾಟದಲ್ಲಿದೆ. ಡ್ಯಾರಿಯ ಎದುರು ಹೋರಾಡಲು ಮುಂದೆ ಬರುವವನು ಪಾಲ್ ಹೋಲ್ಡನ್. ಹಿಂದೆ ಇಬ್ಬರೂ ಒಂದೇ ತಂಡದಲ್ಲಿ ಆಡಿದ ಗೆಳೆಯರು. ಪಾಲ್ ಈಗ ಕಾಲೇಜಿನಲ್ಲಿದ್ದಾನೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುವ ನೋಟವನ್ನು ಪೋನಿಬಾಯ್ ಗಮನಿಸುತ್ತಾನೆ. ಒಬ್ಬ ದುಡಿದು ತಿನ್ನಬೇಕು, ಇನ್ನೊಬ್ಬ ಪಶ್ಚಿಮಭಾಗದವನು, ಹಗೆ ಹುಟ್ಟಿದ್ದು ಅಷ್ಟರಿಂದಲೇ ಎಂದು ಅವನಿಗೆ ತಿಳಿಯುತ್ತದೆ. ಹೆಚ್ಚಿನ ಓದುಗರು ಯಾರು ಗೆದ್ದರೆಂದು ತಿಳಿಯುವ ಆತುರದಲ್ಲಿ ಈ ಭಾಗವನ್ನು ಓಡಿಸಿಬಿಡುತ್ತಾರೆ. ದಯವಿಟ್ಟು ಇಲ್ಲಿ ನಿಧಾನಿಸಿ.

ಒಂದೇ ತಪ್ಪು, ಎರಡು ಬೆಲೆ

ಎರಡೂ ಗುಂಪಿನವರು ಕುಡಿಯುತ್ತಾರೆ, ಹೊಡೆದಾಡುತ್ತಾರೆ, ತಡರಾತ್ರಿ ಹೊರಗಿರುತ್ತಾರೆ. ಮಕ್ಕಳು ಈ ಕೃತ್ಯಗಳನ್ನು ಒಂದೊಂದಾಗಿ ತೆಗೆದುಕೊಂಡು, ಪ್ರತಿಯೊಂದರ ಪರಿಣಾಮ ಯಾರಿಗೆ ಏನಾಯಿತೆಂದು ಹುಡುಕಲಿ. ಮೊದಲನೆಯ ಅಧ್ಯಾಯದಲ್ಲಿಯೇ ಪೋನಿಬಾಯ್ ಹೇಳುವಂತೆ, ಪತ್ರಿಕೆಗಳು ಸೋಷ್‌ಗಳನ್ನು ಒಂದು ದಿನ ಊರಿಗೆ ಅವಮಾನವೆಂದು ಬರೆದು ಮರುದಿನ ಸಮಾಜದ ಆಸ್ತಿಯೆಂದು ಬರೆಯುತ್ತವೆ. ಗ್ರೀಸರ್‌ಗಳಿಗೆ ಆ ಎರಡನೆಯ ದಿನ ಬರಬೇಕಾದರೆ ಜಾನಿ ಮತ್ತು ಪೋನಿಬಾಯ್ ಉರಿಯುವ ಚರ್ಚಿನೊಳಗೆ ನುಗ್ಗಿ ಮಕ್ಕಳನ್ನು ಉಳಿಸಬೇಕಾಯಿತು, ಜಾನಿ ಅದಕ್ಕಾಗಿ ಪ್ರಾಣವನ್ನೇ ಕೊಡಬೇಕಾಯಿತು.

ಜಾನಿಯ ಕೈಯಲ್ಲಿ ಬಾಬ್ ಸತ್ತದ್ದು ಐದು ಜನರು ಸೇರಿ ಪೋನಿಬಾಯ್‌ನನ್ನು ಕಾರಂಜಿಯ ನೀರಿನಲ್ಲಿ ಮುಳುಗಿಸುತ್ತಿದ್ದಾಗ. ಆದರೂ ಪೊಲೀಸರ ಬಳಿಗೆ ಹೋಗಿ ನಡೆದದ್ದನ್ನು ಹೇಳಬಹುದೆಂದು ಆ ಹುಡುಗರಿಗೆ ತೋಚುವುದೇ ಇಲ್ಲ, ಅವರು ಓಡುತ್ತಾರೆ. ಏಕೆ ಓಡಿದರು ಎಂಬ ಪ್ರಶ್ನೆಗೆ ತರಗತಿಯಲ್ಲಿ ಒಂದು ಅವಧಿಯನ್ನೇ ಕೊಟ್ಟರೂ ನಷ್ಟವಿಲ್ಲ. ಕಾನೂನು ತಮ್ಮ ಮಾತನ್ನು ಕೇಳುತ್ತದೆ ಎಂಬ ನಂಬಿಕೆಯೂ ಒಂದು ಆಸ್ತಿಯೇ, ಅದು ಊರಿನ ಎರಡು ಭಾಗಗಳಲ್ಲಿ ಸಮನಾಗಿ ಹಂಚಿಹೋಗಿಲ್ಲ ಎಂಬಲ್ಲಿಗೆ ಚರ್ಚೆ ಬಂದರೆ ಆ ದಿನದ ಕೆಲಸ ಆಯಿತೆಂದು ತಿಳಿಯಿರಿ. ಕೊನೆಯಲ್ಲಿ ನ್ಯಾಯಾಧೀಶರು ಪೋನಿಬಾಯ್‌ನನ್ನು ಅಣ್ಣಂದಿರ ಜೊತೆಗೇ ಇರಲು ಬಿಡುತ್ತಾರೆಂಬುದನ್ನೂ ಮರೆಯದೆ ಹೇಳಬೇಕು. ಲೇಖಕಿ ವ್ಯವಸ್ಥೆಯನ್ನು ಬರೀ ಕಪ್ಪುಬಣ್ಣದಲ್ಲಿ ಬಳಿದಿಲ್ಲ.

ಸೂರ್ಯಾಸ್ತದಲ್ಲಿ ನಿಲ್ಲಬೇಡಿ

ಚೆರಿ ವ್ಯಾಲೆನ್ಸ್ ಎಂಬ ಸೋಷ್ ಹುಡುಗಿಗೂ ಪೋನಿಬಾಯ್‌ಗೂ ಡ್ರೈವ್-ಇನ್ ಚಿತ್ರಮಂದಿರದಲ್ಲಿ ಪರಿಚಯವಾಗುತ್ತದೆ. ಕಷ್ಟ ಎಲ್ಲೆಲ್ಲಿಯೂ ಇದೆ ಎಂದು ಅವಳು ಹೇಳುತ್ತಾಳೆ. ತಾವಿಬ್ಬರೂ ನೋಡುವುದು ಒಂದೇ ಸೂರ್ಯಾಸ್ತವೆಂಬುದು ಪೋನಿಬಾಯ್‌ಗೆ ಹೊಳೆಯುತ್ತದೆ, ಇಬ್ಬರ ಲೋಕಗಳೂ ಅಷ್ಟೇನೂ ಬೇರೆಯಲ್ಲವೆಂದು ಅವನಿಗೆ ಅನ್ನಿಸುತ್ತದೆ. ಪಠ್ಯಪ್ರಶ್ನೆಗಳು ಸಾಮಾನ್ಯವಾಗಿ ಇಲ್ಲಿಗೇ ಬಂದು ನಿಲ್ಲುತ್ತವೆ. ಭಾಗ ಸುಂದರವಾಗಿದೆ, ಹುಡುಗನ ಭಾವನೆ ಪ್ರಾಮಾಣಿಕವಾದುದು. ಅದನ್ನು ಅಲ್ಲಗಳೆಯುವುದು ಬೇಡ. ಆದರೆ ಅದೇ ಸಂಜೆ ಬೀಳ್ಕೊಡುವಾಗ ಚೆರಿ ಇನ್ನೊಂದು ಮಾತು ಹೇಳುತ್ತಾಳೆ: ಶಾಲೆಯ ಮೊಗಸಾಲೆಯಲ್ಲಿ ಎದುರಾದಾಗ ನಾನು ಮಾತನಾಡಿಸದೆ ಹೋದರೆ ತಪ್ಪು ತಿಳಿಯಬೇಡ. ಇದನ್ನು ಸೂರ್ಯಾಸ್ತದ ಸಾಲುಗಳ ಪಕ್ಕದಲ್ಲಿಯೇ ಇಟ್ಟು ಓದಿಸಬೇಕು. ಚೆರಿ ಕೆಟ್ಟವಳಲ್ಲ, ಮುಂದೆ ಗ್ರೀಸರ್‌ಗಳಿಗೆ ಸಹಾಯವನ್ನೂ ಮಾಡುತ್ತಾಳೆ. ಹಾಗಿದ್ದೂ, ತನ್ನವರ ಕಣ್ಣೆದುರಿನಲ್ಲಿ ಅವನನ್ನು ಗುರುತಿಸುವುದು ತನ್ನಿಂದಾಗದೆಂದು ಅವಳಿಗೆ ಮೊದಲೇ ಗೊತ್ತಿದೆ. ವರ್ಗ ಒಳ್ಳೆಯ ಮನಸ್ಸಿನವರ ಮೂಲಕವೂ ಹೇಗೆ ಕೆಲಸಮಾಡುತ್ತದೆ ಎಂಬುದಕ್ಕೆ ಈ ಒಂದು ವಾಕ್ಯವೇ ಸಾಕ್ಷಿ.

ಏಳನೆಯ ಅಧ್ಯಾಯಕ್ಕೆ ಬಂದಾಗ ರ‍್ಯಾಂಡಿಯ ಮಾತನ್ನು ಚೆರಿಯ ಮಾತಿನ ಎದುರು ನಿಲ್ಲಿಸಿ. ಅವನು ಬಾಬ್‌ನ ಆಪ್ತ ಗೆಳೆಯ, ಸಿರಿವಂತ. ಹೊಡೆದಾಟಕ್ಕೆ ಬರುವುದಿಲ್ಲವೆಂದು ಪೋನಿಬಾಯ್‌ಗೆ ತಿಳಿಸುತ್ತಾ, ನೀವು ಗೆದ್ದರೂ ಏನೂ ಬದಲಾಗುವುದಿಲ್ಲ, ನೀವು ಕೆಳಗೇ ಇರುತ್ತೀರಿ, ಎಲ್ಲ ಅನುಕೂಲಗಳೂ ಸಿಕ್ಕ ಅದೃಷ್ಟವಂತರಾಗಿ ನಾವು ಮೇಲೆಯೇ ಇರುತ್ತೇವೆ ಎನ್ನುತ್ತಾನೆ. ಇಡೀ ಕಾದಂಬರಿಯಲ್ಲಿ ಇಷ್ಟು ನಿಖರವಾದ ಮಾತು ಇನ್ನೊಂದಿಲ್ಲ, ಅದೂ ಮೇಲಿನವನ ಬಾಯಿಂದಲೇ ಬಂದಿದೆ. ಚೆರಿ ಸರಿಯೋ, ರ‍್ಯಾಂಡಿ ಸರಿಯೋ ಎಂದು ಮಕ್ಕಳನ್ನು ಎರಡು ಪಕ್ಷ ಮಾಡಿ ವಾದ ಮಾಡಿಸುವುದಕ್ಕಿಂತ, ಇಬ್ಬರ ಮಾತೂ ನಿಜವಾಗಿರಲು ಸಾಧ್ಯವೇ ಎಂದು ಕೇಳುವುದು ಹೆಚ್ಚು ಫಲ ಕೊಡುತ್ತದೆ.

ನಮ್ಮ ತರಗತಿಗಳಲ್ಲಿ ವಹಿಸಬೇಕಾದ ಎಚ್ಚರ

ನೀನು ಗ್ರೀಸರೋ ಸೋಷೋ ಎಂದು ಯಾವ ಮಗುವನ್ನೂ ಎಂದಿಗೂ ಕೇಳಬೇಡಿ. ಆಟವಾಗಿಯೂ ಬೇಡ, ಗುಂಪು ಮಾಡುವ ನೆಪದಲ್ಲಿಯೂ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಶೇಕಡಾ 25ರ ಮೀಸಲು ಸೀಟಿನಲ್ಲಿ ಖಾಸಗಿ ಶಾಲೆಗೆ ಸೇರಿದ ಮಕ್ಕಳು ನಿಮ್ಮ ಎದುರಿಗೆ ಕುಳಿತಿರಬಹುದು. ಸಮವಸ್ತ್ರ ಒಂದೇ ಆಗಿದ್ದರೂ ಊಟದ ಡಬ್ಬಿ, ಶೂ, ಮನೆಗೆ ಕರೆದೊಯ್ಯಲು ಬರುವ ವಾಹನ ಇವುಗಳಿಂದ ಯಾರು ಎಲ್ಲಿಯವರೆಂಬುದು ಸಹಪಾಠಿಗಳಿಗೆ ತಿಳಿದೇ ಇರುತ್ತದೆ. ಅದನ್ನು ಎಲ್ಲರೆದುರು ಬಾಯಿಬಿಡಿಸುವುದು ಜೀವಶಾಸ್ತ್ರದ ಕೋಣೆಯ ಆ ಹುಡುಗಿ ಮಾಡಿದ ಕೆಲಸವನ್ನೇ ಶಿಕ್ಷಕರು ಮಾಡಿದಂತೆ. ಮಗು ತಾನಾಗಿ ಹೇಳಿಕೊಂಡರೆ ಗೌರವದಿಂದ ಕೇಳಿ, ಹೇಳದಿದ್ದರೆ ಪುಸ್ತಕದ ಪಾತ್ರಗಳ ಬಗ್ಗೆಯೇ ಮಾತನಾಡಿ.

ಗ್ರೀಸರ್ ಮತ್ತು ಸೋಷ್ ಎಂಬ ಭೇದವನ್ನು ನೇರವಾಗಿ ಜಾತಿಯ ಮೇಲೆ ಹೊದಿಸುವುದೂ ಸರಿಯಲ್ಲ. ಕೈಯಲ್ಲಿ ಹಣವಿದ್ದಿದ್ದರೆ ಡ್ಯಾರಿ ಆ ಕಡೆಗೆ ದಾಟಿಬಿಡುತ್ತಿದ್ದ. ಹುಟ್ಟಿನಿಂದ ಅಂಟುವ ಜಾತಿ ಹಣ ಬಂದೊಡನೆ ಬಿಡುವುದಿಲ್ಲ. ಹೋಲಿಕೆಯನ್ನು ಮಕ್ಕಳೇ ಎತ್ತುತ್ತಾರೆ, ಎತ್ತಲಿ. ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳುವುದು ನಿಮ್ಮ ಹೊಣೆ. ಪುಸ್ತಕದ ಒಂದು ಮಿತಿಯನ್ನೂ ಇದೇ ಸಂದರ್ಭದಲ್ಲಿ ತಿಳಿಸಬಹುದು. ಎರಡೂ ಗುಂಪಿನ ಹುಡುಗರು ಬಿಳಿಯರು. ಇದೇ ಟಲ್ಸಾದ ಗ್ರೀನ್‌ವುಡ್ ಎಂಬ ಕರಿಯರ ಬಡಾವಣೆಯನ್ನು 1921ರಲ್ಲಿ ಬಿಳಿಯರ ಗುಂಪುಗಳು ಸುಟ್ಟು, ಜನರನ್ನು ಕೊಂದಿದ್ದವು. ಆ ಊರಿನ ಅತಿ ದೊಡ್ಡ ಬಿರುಕು ಈ ಕಥೆಯೊಳಗೆ ಬರುವುದೇ ಇಲ್ಲ. ಹದಿಹರೆಯದ ಲೇಖಕಿ ತಾನು ಶಾಲೆಯಲ್ಲಿ ಕಂಡದ್ದನ್ನು ಬರೆದರು. ಓದುವ ನಾವು ಅದರ ಆಚೆಗೂ ನೋಡಬೇಕು.

1983ರಲ್ಲಿ ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಇದನ್ನು ಚಲನಚಿತ್ರ ಮಾಡಿದರು. ಕ್ಯಾಲಿಫೋರ್ನಿಯಾದ ಒಂದು ಶಾಲೆಯ ಮಕ್ಕಳು ಮತ್ತು ಗ್ರಂಥಪಾಲಕಿ ಪತ್ರ ಬರೆದು ಕೇಳಿಕೊಂಡದ್ದು ಅದಕ್ಕೆ ಪ್ರೇರಣೆ. ಚಿತ್ರವನ್ನು ಓದು ಮುಗಿದ ಮೇಲೆ ತೋರಿಸಿ. ಮೊದಲೇ ನೋಡಿದರೆ ನಟರ ಮುಖಗಳು ಮನಸ್ಸಿನಲ್ಲಿ ಕುಳಿತು, ವಸ್ತುಗಳನ್ನು ಹುಡುಕುವ ಕಣ್ಣು ಮಂಕಾಗುತ್ತದೆ.

ಬರೆಸುವ ಕೆಲಸ

ಕಾದಂಬರಿಯ ಕೊನೆಯಲ್ಲಿ, ಅಂಕಗಳು ಕುಸಿದ ಪೋನಿಬಾಯ್‌ಗೆ ಇಂಗ್ಲಿಷ್ ಶಿಕ್ಷಕ ಸೈಮ್ ಒಂದು ಪ್ರಬಂಧ ಬರೆದುಕೊಟ್ಟರೆ ಉತ್ತೀರ್ಣ ಮಾಡುವೆನೆನ್ನುತ್ತಾರೆ. ನಾವು ಓದಿದ ಪುಸ್ತಕವೇ ಆ ಪ್ರಬಂಧ. ನಿಮ್ಮ ಮಕ್ಕಳಿಗೂ ಬರೆಯಲು ಏನಾದರೂ ಕೊಡಬೇಕೆನ್ನಿಸಿದರೆ, ‘ನಾನು ಅನುಭವಿಸಿದ ತಾರತಮ್ಯ’ ಎಂಬಂಥ ವಿಷಯವನ್ನು ಕೊಡಬೇಡಿ. ಚೆರಿ ಮತ್ತು ಪೋನಿಬಾಯ್ ಶಾಲೆಯ ಮೊಗಸಾಲೆಯಲ್ಲಿ ಎದುರಾಗುವ ಕ್ಷಣವನ್ನು 200 ಪದಗಳಲ್ಲಿ, ಅವರಿಗೆ ಹತ್ತಿರವಾದ ಭಾಷೆಯಲ್ಲಿ, ಕನ್ನಡದಲ್ಲಾದರೂ ಸರಿ, ಬರೆಯಲು ಹೇಳಿ. ಬಡವ, ಶ್ರೀಮಂತ, ಅಂತಸ್ತು ಎಂಬ ಪದಗಳನ್ನು ಬಳಸಬಾರದೆಂಬುದು ಒಂದೇ ನಿಯಮ. ಮೌಲ್ಯಮಾಪನ ಮಾಡುವಾಗ ಭಾಷೆಯ ತಪ್ಪುಗಳಿಗಿಂತ ಮೊದಲು ಮೂರು ಸಂಗತಿಗಳನ್ನು ನೋಡಿ: ಇಬ್ಬರ ಕೈಯಲ್ಲಿ, ಮೈಮೇಲೆ ಏನಿದೆ ಎಂದು ಬರೆದಿದ್ದಾರೆಯೇ, ಜೊತೆಯಲ್ಲಿ ಯಾರು ನಿಂತಿದ್ದಾರೆಂದು ಹೇಳಿದ್ದಾರೆಯೇ, ಮಾತನಾಡಿಸಿದರೆ ಅಥವಾ ಮಾತನಾಡಿಸದಿದ್ದರೆ ಯಾರು ಏನನ್ನು ಕಳೆದುಕೊಳ್ಳುತ್ತಾರೆಂಬುದು ತಿಳಿಯುವಂತಿದೆಯೇ. ಮೂರನೆಯದು ಕಾಣದಿದ್ದಲ್ಲಿ ಅಂಕ ಕಡಿಮೆ ಕೊಟ್ಟು ಕೈತೊಳೆದುಕೊಳ್ಳದೆ, ಮೂರನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಿ ಬರೆಯಲು ಅವಕಾಶ ಕೊಡಿ.